ಅಮ್ಮನ ಮೂಳೆ ತೊಳೆದ ದಿನ

ಪಾಲಿಯೋಕಾಸ್ಟ್ರೋ,
ಮಾತೆ ಮರಿಯಳ ಹಬ್ಬದ ಮರುದಿನ,
16 ಆಗಸ್ಟ್ 1968

ಪ್ರೀತಿಯ ಸೆವಾಸ್ತಿ ಅಕ್ಕನಿಗೆ,

ಹೇಗಿದ್ದೀಯ? ಭಾವನ ಕಿವಿನೋವು ಕಡಿಮೆಯಾಯಿತೇ? ಸ್ಪಂಜು ಕೀಳಲು ಸಮುದ್ರದ ತಳ ಮುಟ್ಟಿ ಬಂದವರ ಕಿವಿ ಮೆಲ್ಬರ್ನಿಗೆ ಹೋದರೂ ಸುಮ್ಮನಿರುವುದಿಲ್ಲ. ಆಲಿವ್ ಎಣ್ಣೆ ಬೆಚ್ಚಗೆ ಮಾಡಿ ಎರಡು ತೊಟ್ಟು ಬಿಡು. ಮಕ್ಕಳ ಫೋಟೋ ಬಂತು. ದೊಡ್ಡವಳು ಥೇಟ್ ಅಮ್ಮನೇ, ಅದೇ ಮೊಂಡು ಗದ್ದ. ಅಮ್ಮನ ಹೆಸರನ್ನು ಮಾತ್ರ ನೀನು ಅವಳಿಗೆ ಇಡಲಿಲ್ಲ. ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರಿಡದ ಮನೆ ನಮ್ಮ ದ್ವೀಪದಲ್ಲಿ ಇನ್ನೊಂದಿಲ್ಲ. ಅಮ್ಮ ಆ ಸುದ್ದಿ ಕೇಳಿದ ದಿನ ಕತ್ತಲಾಗುವವರೆಗೂ ಬೇಳೆ ಆರಿಸುತ್ತಾ ಕೂತಿದ್ದಳು.

ಈಗ ಸುದ್ದಿಗೆ ಬರುತ್ತೇನೆ. ಹೋದ ಶನಿವಾರ ಅಮ್ಮನನ್ನು ಮಣ್ಣಿನಿಂದ ಎತ್ತಿದೆವು. ಹೂತು ಐದು ವರ್ಷ ತುಂಬಿತ್ತು, ಪದ್ಧತಿಯಂತೆ ಮೂಳೆ ತೆಗೆದು ಪೆಟ್ಟಿಗೆಗೆ ಹಾಕಿ ಜಾಗ ಬಿಡಬೇಕಿತ್ತು, ಬೇಕರಿಯ ನಿಕಿತಾಸ್ ತೀರಿಕೊಂಡು ಅವರಿಗೂ ಜಾಗ ಬೇಕಾಗಿತ್ತು. ಪಾದ್ರಿ ಪಾಪಾ ಮನೋಲಿಸ್ ಬಂದು ಪ್ರಾರ್ಥನೆ ಹೇಳಿದರು. ಮರಿಗೋ ದೊಡ್ಡಮ್ಮ ವೈನ್ ತಂದಿದ್ದಳು, ನಾನು ಬಿಳಿ ಬಟ್ಟೆ. ಅಗೆಯುವವನು ಸನಿಕೆ ಹಾಕಿದಾಗ ನಾನು ಯಾಕೆ ಹೆದರಿದೆ ಎಂದು ನಿನಗೆ ಬಿಡಿಸಿ ಹೇಳಬೇಕೇ? ಊರಿನ ಹೆಂಗಸರೆಲ್ಲ ಗೋಡೆಯ ಪಕ್ಕ ಬಾಯಿಗೆ ತಲೆವಸ್ತ್ರದ ತುದಿಯಿಟ್ಟು ನಿಂತಿದ್ದರು. ಅವರೆಲ್ಲರಿಗೂ ಬಂದರಿನ ಆ ದಿನ ನೆನಪಿತ್ತು.

ಹಿರಿಮಗಳಿಗೆ ಸೇರಬೇಕಾದ ಮನೆಯನ್ನು, ಚಿನ್ನದ ಕಾಸಿನ ಸರವನ್ನು ಅಮ್ಮ ನನಗೆ ಬರೆದಳು, ನೀನು ಸ್ಪಂಜಿನವನನ್ನು ಮದುವೆಯಾದೆ ಅನ್ನುವ ಒಂದೇ ಸಿಟ್ಟಿಗೆ. ಅವಳು ಮಾಡಿದ್ದು ಅನ್ಯಾಯವೇ. ಅದಕ್ಕೆ ನೀನು ಹಡಗಿನ ಮೆಟ್ಟಿಲ ಮೇಲೆ ನಿಂತು, ಎಲ್ಲರೆದುರಿಗೆ, "ನಿನ್ನನ್ನ ಮಣ್ಣೂ ತಿನ್ನದೇ ಇರಲಿ" ಅಂದೆ. ಬೇರೆ ಯಾವ ಶಾಪ ಹಾಕಿದ್ದರೂ ಅವಳು ಉಗಿದು ಮರೆತುಬಿಡುತ್ತಿದ್ದಳು.

ಆಮೇಲೆ ಅವಳು ಅಂಗಳದ ಹೂಕುಂಡಗಳಿಗೆ ಹೊತ್ತುಗೊತ್ತಿಲ್ಲದೆ ನೀರು ಹಾಕುವುದನ್ನು ಶುರು ಮಾಡಿದಳು. ಗಿಡ ಕೊಳೆಯುತ್ತಮ್ಮಾ ಅಂದರೆ, "ಮಣ್ಣನ್ನ ಈಗಿಂದ್ಲೇ ಓಲೈಸ್ತಿದೀನಿ ಕಣೆ, ನಾಳೆ ಬೇಡ ಅಂದ್ಬಿಟ್ರೆ ಎಲ್ಲಿಗೆ ಹೋಗ್ಲಿ?" ಅಂತ ನಗುತ್ತಿದ್ದಳು. ಹಾಸಿಗೆ ಹಿಡಿದ ಮೇಲೆ ಆ ನಗುವೂ ಹೋಯಿತು. ಹಡಗು ಕೂಗಿದಾಗಲೆಲ್ಲ ನಿನ್ನ ಕಾಗದ ಬಂತೇ ನೋಡಲು ನನ್ನನ್ನು ಬಂದರಿಗೆ ಓಡಿಸುವಳು. ನಾನು ಬರಿಗೈಯಲ್ಲಿ ಬಂದರೆ, "ಸೆವಾಸ್ತಿ ಮಾತು ವಾಪಸ್ ತಗೊಂಡಿಲ್ವಾ?" ಎಂದು ಗೋಡೆಗೆ ಮುಖ ತಿರುಗಿಸುವಳು. ಕೊಟ್ಟವರೇ ಹಿಂದಕ್ಕೆ ತೆಗೆದುಕೊಳ್ಳಬೇಕಾದ ಮಾತು ಅದು, ಪಾದ್ರಿಯ ಕೈಯಲ್ಲೂ ಆಗುವುದಿಲ್ಲ; ಇಲ್ಲದಿದ್ದರೆ ಹೆಣ ಮಣ್ಣಿನಲ್ಲಿ ಕರಗದೆ ಹಾಗೇ ಉಳಿಯುತ್ತದೆ ಅಂತ ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಕೊನೆಗೆ ನನ್ನ ಕೈ ಹಿಡಿದು, "ನನ್ನ ಹೂಳಬೇಡ್ರೇ" ಅಂದಳು. ಭಯದಲ್ಲೇ ಹೋದಳು, ಅಕ್ಕಾ. ನಾನು ಕಣ್ಣು ಮುಚ್ಚಿಸಿದೆ, ಮುಖದ ಭಯವನ್ನು ಮುಚ್ಚಿಸಲಾಗಲಿಲ್ಲ.

ಸಮಾಧಿ ತೆರೆದಾಗ ಅಮ್ಮ ಕರಗಿದ್ದಳು. ಒಂದು ಎಳೆ ಮಾಂಸವಿಲ್ಲ, ಒಂದು ಕಪ್ಪು ಕಲೆಯಿಲ್ಲ. ಮೂಳೆಗಳೆಲ್ಲ ಜೇನುಮೇಣದ ಹಾಗೆ ಹಳದಿ. ಮರಿಗೋ ದೊಡ್ಡಮ್ಮ ತಲೆಬುರುಡೆಯನ್ನು ತಲೆವಸ್ತ್ರದ ತುದಿಯಲ್ಲಿ ಒರೆಸಿ ಮುತ್ತಿಟ್ಟು, "ಬದುಕಿದ್ದಾಗ ನನ್ ತಂಗಿ ಇಷ್ಟು ಚೊಕ್ಕವಾಗಿ ಯಾವತ್ತೂ ಇರ್ಲಿಲ್ಲ" ಅಂದಳು. ಹೆಂಗಸರು ನಕ್ಕರು, ಅತ್ತರು, ಶಿಲುಬೆಯ ಗುರುತು ಹಾಕಿಕೊಂಡರು. ಸೆವಾಸ್ತಿ ಕ್ಷಮಿಸಿದ್ದಾಳೆ ಅಂತ ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಯಿತು. ಹಿರಿಮಗಳು ತೊಳೆಯಬೇಕಾದ ತಲೆಯನ್ನು ನಾನು ವೈನಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದೆ. ಎಲ್ಲರೂ ನನ್ನನ್ನು ತಬ್ಬಿಕೊಂಡರು. ನನಗೆ ಮಾತ್ರ ಸಂತೋಷಪಡಲು ಆಗಲಿಲ್ಲ. ದಾರಿಯಲ್ಲಿ ದೊಡ್ಡಮ್ಮ ಹೇಳಿದ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ: "ಇಷ್ಟು ಚೆನ್ನಾಗಿ ಕರಗಬೇಕಾದ್ರೆ ಮಣ್ಣು ಮೊದಲನೇ ದಿನಾನೇ ಅವಳನ್ನ ಒಪ್ಕೊಂಡಿರ್ಬೇಕು ಕಣೆ."

ಪೆಟ್ಟಿಗೆಯನ್ನು ಚರ್ಚಿನ ಹಿಂದಿನ ಕೋಣೆಯಲ್ಲಿ ಅಪ್ಪನ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟಿದ್ದೇವೆ. ಭಾವನಿಗೆ ನನ್ನ ನಮಸ್ಕಾರ. ಮಕ್ಕಳ ಕೆನ್ನೆಗೆ ಚಿಕ್ಕಮ್ಮನ ಮುತ್ತು. ಮಾತೆ ಮರಿಯ ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ತಂಗಿ,
ಫೋತಿನಿ

ತಾ.ಕ.: ಹಡಗು ಕೂಗುತ್ತಿದೆ, ಬೇಗ ಬರೆಯುತ್ತೇನೆ. ನೀನು ಅಮ್ಮನನ್ನು ಯಾವಾಗ ಕ್ಷಮಿಸಿದೆ? ಅವಳು ಹೋದಳೆಂದು ಕೇಳಿದ ಮೇಲೋ, ಅಥವಾ ಅವಳಿನ್ನೂ ಹಾಸಿಗೆಯಲ್ಲಿ ಹಡಗಿನ ಕೂಗಿಗೆ ಕಿವಿಗೊಟ್ಟು ಮಲಗಿದ್ದಾಗಲೋ? ಇದೊಂದನ್ನು ಬರಿ. ಮೊದಲೇ ಕ್ಷಮಿಸಿದ್ದರೆ, ಸುಳ್ಳಾದರೂ ಸರಿ ಅಕ್ಕಾ, ಆಮೇಲೆ ಅಂತಲೇ ಬರಿ.