ಮೂರನೇ ಸಾಕ್ಷಿಯ ಗೆರೆ

ದುಮ್ಮವಾಡ
ಗುರುವಾರ, 13 ನವೆಂಬರ್ 2025

ಮಗಳೇ ಮಹಾನಂದಾ,

ಏಳು ತಿಂಗಳ ಹೊಟ್ಟೆ ಹೊತ್ತವಳು ನಿಂತು ಓದಬೇಡ, ಮೊದಲು ಕುಳಿತುಕೋ. ನಿನ್ನ ಅವ್ವ ಪತ್ರ ಬರೆದವಳಲ್ಲ ಎಂದು ನಿನಗೆ ಗೊತ್ತು. ಇಷ್ಟು ವರ್ಷ ಬರೆದದ್ದೆಲ್ಲ ಮನವಿ. ಬಿಸಿಯೂಟ ಮಾಡುವ ಹೆಂಗಸರಿಗೆ ಹೊತ್ತಿಗೆ ಸರಿಯಾಗಿ ಪಗಾರ ಕೊಡಿ, ಕುಕ್ಕರಿನ ವಾಲ್ವ್ ಬದಲಿಸಿ ಕೊಡಿ ಎಂದು ಸಾಹೇಬರಿಗೆ ಬರೆದು ಬರೆದು ಕೈ ಒರಟಾಗಿದೆ. ಮೆತ್ತನೆ ಮಾತು ಈ ಕೈಗೆ ಬಂದರೆ ಬಂತು, ಬರದಿದ್ದರೆ ಬಯ್ದುಕೊಂಡು ಓದು.

ಹದಿನೆಂಟು ದಿನದಿಂದ ನಿನಗೆ ಫೋನ್ ಹಚ್ಚುತ್ತಿದ್ದೇನೆ. ಮೊದಲು ನಿನ್ನ ಗಂಡ ಗೌರೀಶ ಎತ್ತಿ "ಅಕಿ ಮಲಗ್ಯಾಳ್ರಿ" ಅನ್ನುತ್ತಿದ್ದ. ಮುಂಜಾನೆ ಹತ್ತಕ್ಕೂ ಮಲಗ್ಯಾಳ, ಸಂಜೆ ಐದಕ್ಕೂ ಮಲಗ್ಯಾಳ. ಈಗ ಅದೂ ಇಲ್ಲ, ಫೋನೇ ಹೋಗುವುದಿಲ್ಲ. ಅದಕ್ಕೇ ಈ ಪತ್ರವನ್ನು ಬಳೆಗಾರ್ತಿ ನಸೀಮಾಬಿಯ ಬುಟ್ಟಿಯಲ್ಲಿ ಇಟ್ಟು ಅಣ್ಣಿಗೇರಿಗೆ ಕಳಿಸುತ್ತಿದ್ದೇನೆ. ಬಸುರಿಯ ಕುಬಸಕ್ಕೆ ಬಳೆ ತಂದಿದ್ದೇನೆ ಎಂದರೆ ನಿನ್ನ ಅತ್ತೆ ಬಾಗಿಲು ತೆರೆಯಲೇಬೇಕು. ಅವಳ ಕೈಯಿಂದ ಬಳೆ ತೊಡು, ಓದಿದ ಮೇಲೆ ಈ ಕಾಗದವನ್ನು ಉಡಿಯಲ್ಲಿ ಬಚ್ಚಿಟ್ಟುಕೋ.

ನಾನು ಮದುವೆ ಮಾಡಿಕೊಳ್ಳುತ್ತಿದ್ದೇನೆ. ಈ ಮಾತು ನನ್ನ ಬಾಯಿಂದಲೇ ನಿನಗೆ ಮೊದಲು ಬರಬೇಕಾಗಿತ್ತು. ಬರಲಿಲ್ಲ. ಅದು ನನ್ನ ತಪ್ಪು, ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ಎರಡು ಸಲ ಅಣ್ಣಿಗೇರಿಗೆ ಬಂದು, ನಿನ್ನ ಮುಖ ನೋಡಿ, ಚಹಾ ಕುಡಿದು ವಾಪಸ್ ಬಂದೆ. ಬಿಸಿಯೂಟದವರ ಸಂಘದ ಮೈಕಿನ ಮುಂದೆ ಗಂಟಲು ಹರಿಯುವ ಹಾಗೆ ಕೂಗುವವಳಿಗೆ ಮಗಳ ಮುಂದೆ ಬಾಯಿ ಕಟ್ಟಿತು. ಅಕ್ಟೋಬರ್ ಇಪ್ಪತ್ನಾಲ್ಕಕ್ಕೆ ಕಲಘಟಗಿಯ ನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟೆವು. ಮೂವತ್ತು ದಿನ ಆ ಅರ್ಜಿಯನ್ನು ಬೋರ್ಡಿಗೆ ಹಚ್ಚುತ್ತಾರೆ, ಯಾರದಾದರೂ ತಕರಾರು ಇದ್ದರೆ ಕೊಡಲಿ ಎಂದು. ಬೋರ್ಡಿನ ಕಾಗದ ಯಾರು ಓದುತ್ತಾರೆ ಎಂದುಕೊಂಡೆ. ನಮ್ಮ ಮನವಿಗಳನ್ನು ಹತ್ತು ವರ್ಷ ಯಾರೂ ಓದಿರಲಿಲ್ಲ. ಮೂವತ್ತು ದಿನದೊಳಗೆ ಧೈರ್ಯ ಮಾಡಿ ನಿನಗೆ ಹೇಳಿದರಾಯಿತು ಎಂದಿದ್ದೆ. ಅವತ್ತು ಸಂಜೆಗೇ ಯಾವನೋ ಅದರ ಫೋಟೋ ತೆಗೆದು ವಾಟ್ಸಾಪಿಗೆ ಬಿಟ್ಟ. ವಧು, ವಯಸ್ಸು ನಲವತ್ತೈದು, ವಿಧವೆ. ಅದರ ಕೆಳಗೆ ನಗುವ ಮುಖಗಳ ಸಾಲು. ನೀನು ಅದನ್ನು ನಿನ್ನ ಅತ್ತೆಯ ಫೋನಿನಲ್ಲಿ ನೋಡಿದೆಯಂತೆ.

ಅವನು ಪುಂಡಲೀಕ, ತಂಬೂರ ಊರಿನವನು. ಶಾಲೆಗಳಿಗೆ ಅಕ್ಕಿ ಚೀಲ ತರುವ ಟಂಟಂ ಗಾಡಿ ಅವನದು. ಹೆಂಡತಿ ತೀರಿ ಒಂಬತ್ತು ವರ್ಷವಾಯಿತು, ಮಕ್ಕಳಿಲ್ಲ. ಕುರಿ ಕಾಯುವವರ ಮನೆತನ. ಹೋದ ವರ್ಷ ಸಾಂಬಾರಿನ ಪಾತೇಲಿ ಉರುಳಿ ನನ್ನ ಕಾಲು ಸುಟ್ಟಾಗ ನೋಡಲು ಬಂದಿದ್ದೆಯಲ್ಲ, ಮೋಸಂಬಿ ಯಾರು ತಂದರು ಎಂದು ಕೇಳಿದೆ. ಸಂಘದವರು ಅಂದೆ. ಅವನು ತಂದದ್ದು. ನನ್ನನ್ನು ಅಕ್ಕಿ ಚೀಲದ ಮೇಲೆ ಮಲಗಿಸಿಕೊಂಡು ಹುಬ್ಬಳ್ಳಿಯ ದವಾಖಾನೆಗೆ ಒಯ್ದವನೂ ಅವನೇ. ಅಲ್ಲಿ ಫಾರ್ಮ್ ತುಂಬುವವರು ಕೇಳಿದರಂತೆ: "ಇವ್ರಿಗೆ ನೀವು ಏನಾಗ್ಬೇಕ್ರಿ?" ಅವನು ನನಗೆ ಏನೂ ಆಗಬೇಕಿರಲಿಲ್ಲವಲ್ಲ. ಸಹಿ ಹಾಕಲು ನಿನ್ನ ಕಾಕಾ ಕುಬೇರಪ್ಪ ಬರಬೇಕಾಯಿತು, ಅವನು ಬಂದದ್ದು ಸಂಜೆಗೆ. ಅಲ್ಲಿಯವರೆಗೆ ಸುಟ್ಟ ಕಾಲಿನ ಮೇಲೆ ಒದ್ದೆ ಬಟ್ಟೆ. ಮನೆತನದ ಗಂಡಸು ಬರುವ ತನಕ ಹೆಣ್ಣಿನ ಕಾಲು ಉರಿಯಬೇಕು ಎಂದು ಯಾರು ಬರೆದಿಟ್ಟರು? ಆ ಮಂಚದ ಮೇಲೆಯೇ ತೀರ್ಮಾನ ಮಾಡಿದೆ.

ಊರ ಹಿರಿಯರು ಕರೆಸಿದ್ದರು. ಬಯ್ಯಲಿಲ್ಲ, ಬುದ್ಧಿ ಹೇಳಿದರು. "ಬ್ಯಾಡ ಅನ್ನಂಗಿಲ್ಲಬೇ ಮಹಾದೇವಿ. ಉಡಿಕಿ ಮಾಡ್ಕೊ, ನಮ್ಮೊಳಗಿನ ಗಂಡಸು ಯಾರರ ಇದ್ರ ನಾವ ನೋಡ್ತೀವಿ. ಕುರಿ ವಾಸನಿ ಮನಿಗೆ ಹೋಗ್ತೀ ಏನು?"

"ಎಂಟು ವರ್ಷ ನಿಮ್ಮ ಮೊಮ್ಮಕ್ಕಳು ಉಂಡ ಶಾಲಿ ಅಕ್ಕಿ ಅವನ ಟಂಟಂನ್ಯಾಗ ಬಂದದ್ದರಿ. ಆವಾಗ ವಾಸನಿ ಬರಲಿಲ್ಲೇನ್ರಿ?" ಅಂದೆ. ಒಬ್ಬ ನಕ್ಕ, ಉಳಿದವರು ಎಲೆ-ಅಡಿಕೆ ಚೀಲ ಹುಡುಕಿದರು. ಮದುವೆ ಹಗಲು ಹನ್ನೊಂದಕ್ಕೆ, ಎಲ್ಲರೂ ನೋಡುವ ಹಾಗೆ, ಸಹಿ ಹಾಕಿ ಆಗುತ್ತೇನೆ ಎಂದು ಹೇಳಿ ಬಂದೆ.

ಉಡಿಕಿ ಎಂದರೆ ಏನು ಎಂದು ನಿನಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ. ಹೆಂಗಸರು ಧ್ವನಿ ತಗ್ಗಿಸಿ ಹೇಳುವ ವಿಷಯ ಅದು. ಗಂಡ ಸತ್ತವಳನ್ನು ಮತ್ತೊಬ್ಬನಿಗೆ ಕೂಡಿಸುವುದು. ಆದರೆ ಹಂದರ ಇಲ್ಲ, ಅಕ್ಕಿಕಾಳು ಇಲ್ಲ, ಬಾಜಾ ಇಲ್ಲ. ಕತ್ತಲಾದ ಮೇಲೆ ಹಿತ್ತಲಲ್ಲಿ ಒಂದು ಸೀರೆ, ಒಂದು ಡಜನ್ ಬಳೆ, ಕೊನೆಗೆ ಒಂದು ತಾಳಿ. ಉಡಿ ತುಂಬಲು ಮುತ್ತೈದೆ ಬರುವುದಿಲ್ಲ, ಇನ್ನೊಬ್ಬ ವಿಧವೆ ಬರುತ್ತಾಳೆ. ಅಡುಗೆಗೆ ಹೆಂಡತಿ, ಹಾಸಿಗೆಗೆ ಹೆಂಡತಿ, ಹಂದರಕ್ಕೆ ಮಾತ್ರ ಯಾರೂ ಅಲ್ಲ.

ಈಗ ಒಂದು ತಕರಾರು ಬಂದಿದೆ. ನವೆಂಬರ್ ಆರಕ್ಕೆ ಕಚೇರಿಗೆ ಮುಟ್ಟಿದೆ. ಅಧಿಕಾರಿ ನನ್ನನ್ನು ಕರೆಸಿ ಓದಿ ಹೇಳಿದರು. ಹತ್ತೊಂಬತ್ತು ವರ್ಷದ ಹಿಂದೆ ಮೈದುನ ಕುಬೇರಪ್ಪನ ಜೊತೆ ನನ್ನ ಉಡಿಕಿ ಆಗಿದೆಯಂತೆ, ಅದನ್ನು ಕಣ್ಣಾರೆ ಕಂಡವರು ಇದ್ದಾರಂತೆ, ಗಂಡ ಬದುಕಿರುವಾಗ ಇನ್ನೊಂದು ಮದುವೆ ನಡೆಯುವಂತಿಲ್ಲವಂತೆ. ಕೆಳಗಿನ ಸಹಿ ಯಾರದು ಎಂದು ನನಗೆ ಓದಲಾಗಲಿಲ್ಲ, ಕನ್ನಡಕವನ್ನು ಶಾಲೆಯ ಅಡುಗೆಮನೆಯಲ್ಲಿ ಮರೆತು ಹೋಗಿದ್ದೆ. ಕುಬೇರಪ್ಪನೇ ಇರಬೇಕು ಎಂದು ಊರು ಅನ್ನುತ್ತದೆ. ಅವನಿಗೆ ನನ್ನ ಮಾನದ ಚಿಂತೆ ಇಲ್ಲ, ನಿನ್ನ ಅಪ್ಪನ ಪಾಲಿನ ಹೊಲ ನನ್ನ ಹೆಸರಿನಲ್ಲಿದೆ, ಅದರ ಚಿಂತೆ.

ನಮ್ಮ ಸಂಘದ ಅಧ್ಯಕ್ಷೆ ಸಾವಕ್ಕನನ್ನು ಕರೆದುಕೊಂಡು ಅವನ ಮನೆಗೇ ಹೋದೆ. ಅವನು ಸ್ಕೂಟರ್ ಒರೆಸುತ್ತಿದ್ದ. ಸಾವಕ್ಕನ ಬಾಯಿ ನಿನಗೆ ಗೊತ್ತಲ್ಲ. "ಇಕಿ ಕೂಡ ಉಡಿಕಿ ಆಗೇತಂದ್ರ ಇಕಿ ನಿನ್ನ ಹೇಣ್ತಿ. ಹಂಗಾರ ಹದಿನೇಳು ವರ್ಷದಿಂದ ನಿನ್ನ ಮನ್ಯಾಗ ರೊಟ್ಟಿ ಬಡಿಯಾಕಿ ಯಾರೋ ಕುಬೇರಪ್ಪಾ?" ಅಂದಳು. ಅವನು ಅರಿವೆ ಹಿಂಡುತ್ತಲೇ ನಿಂತ. ಇಷ್ಟು ಸಣ್ಣ ಲೆಕ್ಕ ಅವನಿಗೆ ಹೊಳೆದೇ ಇರಲಿಲ್ಲ. ನನ್ನ ಮದುವೆ ಮುರಿಯಲು ಹೋಗಿ ತನ್ನ ಮದುವೆಯ ಕೆಳಗೇ ಗುದ್ದಲಿ ಹಾಕಿಕೊಂಡಿದ್ದಾನೆ. ಅವನ ಹೆಂಡತಿ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದು "ಹೇಳ್ರಿ, ನಾ ಯಾರ್ರಿ?" ಎಂದಳು. ಅವಳ ಧ್ವನಿ ಏರಲಿಲ್ಲ. ಅವಳನ್ನು ನೋಡಿ ನನಗೆ ಸಂಕಟವಾಯಿತು.

ಆದರೆ ಕುಬೇರಪ್ಪನ ದಡ್ಡತನ ನನ್ನನ್ನು ಉಳಿಸುವುದಿಲ್ಲ. ಕಣ್ಣಾರೆ ಕಂಡವರು ಬಂದು ಕಂಡೆವು ಎಂದರೆ ಮದುವೆ ನಿಂತಂತೆಯೇ. ಅದಕ್ಕೇ ಆ ದಿನ ಏನಾಯಿತು ಎಂದು ನಿನಗೆ ಬರೆಯುತ್ತೇನೆ. ಇಷ್ಟು ವರ್ಷ ಮುಚ್ಚಿಟ್ಟದ್ದು.

ನಿನ್ನ ಅಪ್ಪ ಶಿದ್ಲಿಂಗಪ್ಪ ತೀರಿ ಹನ್ನೊಂದು ತಿಂಗಳಾಗಿತ್ತು. ನಿನಗೆ ಏಳು ವರ್ಷ, ನನಗೆ ಇಪ್ಪತ್ತಾರು. ಕುಬೇರಪ್ಪನಿಗೆ ಇನ್ನೂ ಮದುವೆ ಆಗಿರಲಿಲ್ಲ. ಹಿರಿಯರು ಮಾತಾಡಿ ಮುಗಿಸಿದರು. ನಾನು ಬೇಡ ಅನ್ನಲಿಲ್ಲ, ಮಹಾನಂದಾ. ಬೇಡ ಅಂದರೆ ನನ್ನನ್ನು ಹೊರಗೆ ಹಾಕಿ ನಿನ್ನನ್ನು ಇಟ್ಟುಕೊಳ್ಳುತ್ತಾರೆ ಎಂಬ ಹೆದರಿಕೆ. ದನದ ಕೊಟ್ಟಿಗೆಯಲ್ಲಿ ಮಣೆ ಹಾಕಿದ್ದರು. ಹಸಿರು ಸೀರೆ ಉಟ್ಟು ಅವನ ಬಾಜು ಕುಳಿತೆ. ನಸೀಮಾಬಿ ಬಳೆ ತೊಡಿಸಿದಳು. ನೀನು ಕಿಂಡಿಯಿಂದ ನೋಡುತ್ತಿದ್ದೆ, ನಿನ್ನ ಕಣ್ಣು ನನಗೆ ಕಂಡವು. ಅಷ್ಟರಲ್ಲಿ ನಿನ್ನ ಅಜ್ಜಿ ನಿನ್ನ ರಟ್ಟೆ ಹಿಡಿದು ಬಾಜು ಮನೆಗೆ ಎಳೆದುಕೊಂಡು ಹೋದಳು. ನೀನು ನೋಡಿದ್ದು ಅಲ್ಲಿಗೆ ಮುಗಿಯಿತು.

ನೀನು ನೋಡದೆ ಹೋದದ್ದು ಇದು. ಉಡಿ ತುಂಬಲು ಬಂದ ಮುದುಕಿ ನನ್ನ ಸೆರಗು ಬಿಡಿಸುತ್ತ ಹೇಳಿದಳು: "ಇನ್ನ ಮ್ಯಾಲ ನೀ ಹಂದರದಾಗ ಕಾಲಿಡೂಹಂಗಿಲ್ಲ ನೋಡವಾ. ನಾಳೆ ಮಗಳ ಮದುವಿ ಆದ್ರೂ ಹೊರಗ ನಿಂತು ನೋಡಬೇಕು." ಅವಳು ಕೆಟ್ಟದ್ದಕ್ಕೆ ಹೇಳಲಿಲ್ಲ, ನಿಯಮ ಹೇಳಿದಳು. ಮಗಳ ಮದುವೆ ಎಂಬ ಮಾತು ಕಿವಿಗೆ ಬಿದ್ದದ್ದೇ ಎದ್ದು ನಿಂತೆ. ಉಡಿಗೆ ತಂದ ಅಕ್ಕಿ ನೆಲಕ್ಕೆ ಚೆಲ್ಲಿತು. ತಾಳಿ ಇನ್ನೂ ತಟ್ಟೆಯಲ್ಲಿಯೇ ಇತ್ತು. "ಏಳಾಕಿ ಇದ್ರ ಬಳಿ ತೊಡಸೂಕಿಂತ ಮೊದ್ಲ ಏಳಬಾರದೇನ ಯವ್ವಾ" ಎಂದು ನಸೀಮಾಬಿ ಗೊಣಗಿದಳು. ಅಷ್ಟೇ. ಉಡಿಕಿ ಆಗಲಿಲ್ಲ.

ಆದರೆ ಬಳೆ ತೆಗೆಯಲಿಲ್ಲ. ಮೂರು ದಿನ ಕೈಯಲ್ಲಿಟ್ಟುಕೊಂಡು ತಿರುಗಿದೆ. ಮರುದಿನ ನೀನು ಬಂದಾಗ ಹಸಿರು ಬಳೆ ನೋಡಿ ಏನೂ ಕೇಳದೆ ಒಳಗೆ ಹೋದೆ. ಊರೂ ನೋಡಿತು, ಆಗಿಹೋಯಿತು ಅಂದುಕೊಂಡಿತು. ಯಾಕೆ ತೆಗೆಯಲಿಲ್ಲ ಎಂದರೆ, ಚೆಂದ ಕಂಡವು ಮಗಳೇ. ಹನ್ನೊಂದು ತಿಂಗಳು ಬೋಳಾಗಿದ್ದ ಕೈ. ನನಗೆ ಬಳೆ ಬೇಕಾಗಿದ್ದವು, ಆ ಗಂಡಸು ಬೇಡವಾಗಿದ್ದ. ನಾಲ್ಕನೇ ದಿನ ನಿನ್ನ ಅಜ್ಜಿ ಒರಳಿನ ಮೇಲೆ ನನ್ನ ಕೈ ಇಡಿಸಿ ಗುಂಡುಕಲ್ಲಿನಿಂದ ಒಡೆದಳು. ಮಣಿಕಟ್ಟಿನ ಮೇಲಿನ ಗೆರೆ ಅದರದೇ. ಕುಡುಗೋಲು ತಾಗಿದ್ದು ಎಂದು ನಿನಗೆ ಹೇಳಿದ್ದೆ.

ನಿನ್ನ ಮದುವೆಗಾಗಿ ಎದ್ದುಬಂದೆ. ನಿನ್ನ ಮದುವೆಯ ದಿನ ಎಲ್ಲಿದ್ದೆ, ನೆನಪಿದೆಯಾ? ಹಂದರದ ಹಿಂದೆ, ಅನ್ನದ ಒಲೆಯ ಹತ್ತಿರ. ವಿಧವೆ ಎದುರಿಗೆ ಬರಬಾರದು ಎಂದರು. ಬಾಜಾ ಜೋರಾದಾಗ ನಿನ್ನ ತಲೆಯ ಮೇಲೆ ಅಕ್ಕಿಕಾಳು ಬಿತ್ತು ಎಂದು ತಿಳಿದುಕೊಂಡೆ. ಅನ್ನ ಬಸಿಯುವ ಚಿಬ್ಬಲದಿಂದ ಒಂದು ಹಿಡಿ ತೆಗೆದು ನಿನ್ನ ಕಡೆಗೆ ಎಸೆದೆ. ಬೆಂದ ಅನ್ನ. ಅಡುಗೆಯವನು ಹುಚ್ಚಿ ಅಂದುಕೊಂಡಿರಬೇಕು. ಉಡಿಕಿಯಾದರೂ ಹೊರಗೆ, ಆಗದಿದ್ದರೂ ಹೊರಗೆ. ಇದು ಶಾಸ್ತ್ರವಲ್ಲ, ಹೆಣ್ಣಿಗೆ ಕಟ್ಟಿದ ಗೋಡೆ.

ಹದಿನಾರಕ್ಕೆ ನನ್ನ ಕೊರಳಿಗೆ ತಾಳಿ ಕಟ್ಟಿದರು. ಅದು ಕಾನೂನಿಗೆ ವಿರುದ್ಧ. ಐನೂರು ಜನ ಉಂಡು ಹೋದರು, ಒಬ್ಬನೂ ತಕರಾರು ಕೊಡಲಿಲ್ಲ. ನಲವತ್ತೈದಕ್ಕೆ ಕಾನೂನಿನ ಪ್ರಕಾರ, ನಾನೇ ಒಪ್ಪಿ ಮಾಡಿಕೊಳ್ಳುತ್ತೇನೆಂದರೆ ಇವರಿಗೆ ತಕರಾರು.

ನಿನ್ನ ಸಂಕಟ ನನಗೆ ಗೊತ್ತಿಲ್ಲವೆಂದಲ್ಲ. ಕುಬಸದ ದಿನ ನಿನ್ನ ಅತ್ತೆಯ ಮನೆಯ ಹೆಂಗಸರು ಏನು ಆಡುತ್ತಾರೆ ಎಂದು ಇಲ್ಲಿಂದಲೇ ಕೇಳಿಸುತ್ತದೆ. ಹೊಟ್ಟೆಯಲ್ಲಿರುವುದನ್ನು ಹೆತ್ತು ಅದೇ ಮನೆಯಲ್ಲಿ ಬಾಳಬೇಕಾದವಳು ನೀನು, ಘೋಷಣೆ ಕೂಗಿ ಬಸ್ಸು ಹತ್ತುವವಳು ನಾನು.

ಆದರೂ ಕೇಳುತ್ತೇನೆ. ಸೋಮವಾರ ಹದಿನೇಳಕ್ಕೆ ವಿಚಾರಣೆ ಇದೆ. ಬಾ. ಹುಬ್ಬಳ್ಳಿಗೆ ಬಂದರೆ ಸಾವಕ್ಕ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಾಳೆ. ಕೊಟ್ಟಿಗೆಯಲ್ಲಿ ಎಷ್ಟು ಕಂಡೆಯೋ ಅಷ್ಟನ್ನೇ ಹೇಳು, ಎಲ್ಲಿಗೆ ನಿನ್ನನ್ನು ಎಳೆದುಕೊಂಡು ಹೋದರೋ ಅದನ್ನೂ ಹೇಳು. ಅದಕ್ಕಿಂತ ಒಂದು ಮಾತು ಹೆಚ್ಚು ಬೇಡ. ಉಳಿದದ್ದನ್ನು ನಸೀಮಾಬಿ ಹೇಳುತ್ತಾಳೆ, ಬಳೆ ತೊಡಿಸಿದವಳು ಅವಳೇ.

ಉಪ್ಪು ಕಡಿಮೆ ತಿನ್ನು. ಕಾಲು ಬಾತಿದ್ದರೆ ದಿಂಬಿನ ಮೇಲೆ ಇಟ್ಟು ಮಲಗು.

ನಿನ್ನ ಕಡೆಗೆ ಬೆಂದ ಅನ್ನ ಎಸೆದವಳು,
ನಿನ್ನ ಅವ್ವ
ಮಹಾದೇವಕ್ಕ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕನ್ನಡಕ ಮರೆತಿರಲಿಲ್ಲ, ಮೂಗಿನ ಮೇಲೇ ಇತ್ತು. ತಕರಾರಿನ ಕೆಳಗಿನ ಸಹಿ ಓದಿದೆ. ಕೊನೆಯ ಅಕ್ಷರದ ಬಾಲವನ್ನು ಕೆಳಗೆ ಎಳೆದು ಬಿಡುವ ಚಟ ನಿನಗೆ ಎರಡನೇ ಇಯತ್ತೆಯಿಂದಲೂ ಇದೆ, ಪಾಟಿಯ ಮೇಲೆ ನಿನ್ನ ಕೈ ಹಿಡಿದು ತಿದ್ದಿಸಿದವಳು ನಾನು. ಕಚೇರಿಗೆ ಜೊತೆಗೆ ಬಂದಿದ್ದ ಸಾವಕ್ಕ ಓದಲು ಬಗ್ಗಿದಾಗ ಅದರ ಮೇಲೆ ನನ್ನ ಅಂಗೈ ಇಟ್ಟೆ. ಪುಂಡಲೀಕನಿಗೂ ಹೇಳಿಲ್ಲ. ಪೆನ್ನು ಕೈಗೆ ಕೊಟ್ಟವನು ಗೌರೀಶನೋ ಕುಬೇರಪ್ಪನೋ, ಕೇಳುವುದಿಲ್ಲ. ಮದುವೆಯ ಪುಸ್ತಕದಲ್ಲಿ ಮೂವರು ಸಾಕ್ಷಿ ಸಹಿ ಹಾಕಬೇಕು. ಅವರು ಮುತ್ತೈದೆಯಾಗಿರಬೇಕು, ಬಸುರಿ ಬರಬಾರದು, ವಿಧವೆ ಬರಬಾರದು ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ, ಎರಡು ಸಲ ಓದಿಸಿ ಕೇಳಿದ್ದೇನೆ. ಒಂದು ಗೆರೆ ಸಾವಕ್ಕನಿಗೆ, ಒಂದು ನಸೀಮಾಬಿಗೆ. ಮೂರನೆಯದರಲ್ಲಿ ಬೇರೆ ಯಾರ ಹೆಸರನ್ನೂ ಬರೆಸುವುದಿಲ್ಲ. ನೀನು ಬರದಿದ್ದರೆ ಅದು ಖಾಲಿ ಇರುತ್ತದೆ, ಮದುವೆಯೂ ಇರುವುದಿಲ್ಲ.