ದೋಣಿಮನೆಗೆ ಟೈಲ್ಸ್ ಹಾಕಿಸಿದರು

ಸಿದ್ದಲಿಂಗೇಶ,

ಹಿಂದೂಪುರದ ನಿನ್ನ ವಿಳಾಸ ನನ್ನಲ್ಲಿದೆ. ಆದರೂ ಇದನ್ನು ಅಂಚೆಗೆ ಹಾಕುವುದಿಲ್ಲ. ಇವತ್ತು ಡ್ಯಾಮಿನಲ್ಲಿ ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನೀನು, ನಾನು, ಆದೆಪ್ಪ, ಬಸವೇಶ ಕೂಡಿ ಕಟ್ಟಿಸಿದ ದೋಣಿಮನೆಯ ನೆಲಕ್ಕೆ ಬಸವೇಶ ಟೈಲ್ಸ್ ಹಾಕಿಸಿದ್ದಾನೆ. ಮನೆ ಎಂದ ಮೇಲೆ ಟೈಲ್ಸ್ ಇರಬೇಕಂತೆ! ತಳಕ್ಕೆ ನೀರು ಸೋರಿದೆಯೇ ಎಂದು ಕೈ ಇಳಿಸಿ ನೋಡಲು ನೀನು ಮಾಡಿಸಿದ್ದ ಮುಚ್ಚಳದ ಹಲಗೆಯೂ ಅದರಡಿ ಮುಚ್ಚಿಹೋಗಿದೆ. ಸರದಿ ಬದಲಾದಾಗ ಬೀಗದ ಕೈ ಕೊಡುವವನೂ ಪಡೆಯುವವನೂ ಒಟ್ಟಿಗೆ ತಳ ಮುಟ್ಟಬೇಕು, ಕೈ ಒದ್ದೆಯಾದರೆ ಹಗ್ಗ ಬಿಚ್ಚಬಾರದು ಎಂದು ಕಟ್ಟಳೆ ಮಾಡಿದ್ದೆಯಲ್ಲ, ನೀನು ಪಾಲು ಬಿಟ್ಟ ದಿನವೇ ಅದೂ ಹೋಯಿತು.

ಇವತ್ತು ಆದೆಪ್ಪನ ಸರದಿ. ಮಗಳು ಕಲ್ಯಾಣಿಯ ಸೀಮಂತಕ್ಕೆಂದು ಕಲ್ಯಾಣದುರ್ಗದಿಂದ ಆಟೋಗಳಲ್ಲಿ ಬಂದ ಹೆಂಗಸರು, ಮಕ್ಕಳು ಹತ್ತಲು ಕಾದಿದ್ದರು. ದೋಣಿ ಒಂದು ಮಗ್ಗುಲಿಗೆ ವಾಲಿತ್ತು. ನಾನು ಹಾರೆಯಿಂದ ಟೈಲ್ಸ್ ಒಡೆಯತೊಡಗಿದೆ.

"ಏನಣ್ಣಾ, ಸಿದ್ದಲಿಂಗೇಶಣ್ಣ ಮೈಮೇಲೆ ಬಂದ್ಬುಟ್ಟವ್ನಾ?" ಎಂದು ಬಸವೇಶ ನಕ್ಕ.

ಆದೆಪ್ಪ ನಗಲಿಲ್ಲ. ನನ್ನ ರಟ್ಟೆ ಹಿಡಿದ. "ಶುಭಕಾರ್ಯದ ದಿನ ಒಡೀತೀಯಲ್ಲ, ಬುದ್ಧಿ ಐತೇನಣ್ಣಾ ನಿಂಗೆ? ಬಿಡು ಹಾರೆ!"

ಬಿಡಲಿಲ್ಲ. ಹಲಗೆ ಎತ್ತಿ ಕೈ ಇಳಿಸಿದೆ. ಮೊಣಕೈವರೆಗೂ ನೀರು! ತೊಟ್ಟಿಕ್ಕುವ ತೋಳನ್ನು ಎಲ್ಲರಿಗೂ ಎತ್ತಿ ತೋರಿಸಿದೆ.

ದೋಣಿಯೊಳಗೆ ಇಟ್ಟಿದ್ದ ಕಾಲನ್ನು ಕಲ್ಯಾಣಿ ಹಿಂದಕ್ಕೆ ತೆಗೆದುಕೊಂಡಳು. ಹೊಟ್ಟೆಯ ಮೇಲೆ ಕೈಯಿಟ್ಟು ಅಪ್ಪನನ್ನು ಕೇಳಿದಳು:

"ಇದನ್ನೆಲ್ಲ ನೋಡಾಕೆ ಸಿದ್ದಲಿಂಗೇಶ ಮಾವ ಇದ್ರಲ್ಲಪ್ಪಾ. ಅವ್ರನ್ನ ಯಾಕೆ ಕಳಿಸ್ಬುಟ್ರಿ?"

ಆ ಕಟ್ಟಳೆಯ ಕಾಟ ಸಾಕೆಂದು ನಿನ್ನ ಪಾಲು ಬಿಡಿಸಿದ ನಾವು ಮೂವರೂ ಅಲ್ಲೇ ಇದ್ದೆವು. ಆದೆಪ್ಪ ಹೋಗಿ ಹಗ್ಗದ ಗಂಟನ್ನು ಇನ್ನಷ್ಟು ಬಿಗಿದ.