ಎಡ ಶೂವಿನ ಹಿಮ್ಮಡಿ

ಮಾರ್ಚ್ 3, ಬೆಳಿಗ್ಗೆ

ಗುಬ್ಬಿಯ ಎಡ ಶೂ ಮತ್ತೆ ತುದಿಯಲ್ಲಿ ತೂತು. ಇದಕ್ಕೆ ಮೂರನೇ ತೇಪೆ. ಹಿಮ್ಮಡಿ ಮಾತ್ರ ಹೊಸದರ ಹಾಗೇ. ಊರವರ ಶೂಗಳನ್ನೆಲ್ಲ ರಿಪೇರಿ ಮಾಡುತ್ತೇನೆ, ಮಗಳ ಕಾಲಿನ ಮುಂದೆ ನನ್ನ ಸುತ್ತಿಗೆಯ ಆಟ ನಡೆಯೋದಿಲ್ಲ. ಹುಟ್ಟುವಾಗ ಮೆದುಳಿಗೆ ಬಿದ್ದ ಪೆಟ್ಟಿನಿಂದ ಮೀನಖಂಡ ಬಿಗಿ. ಆರು ವರ್ಷ ಆಯ್ತು, ಆ ಹಿಮ್ಮಡಿ ಒಮ್ಮೆಯೂ ನೆಲ ಮುಟ್ಟಿಲ್ಲ.

ನಾಡಿದ್ದು ಇಂಜೆಕ್ಷನ್. ಬಿಗಿದ ಸ್ನಾಯು ಸಡಿಲ ಮಾಡೋ ಬೊಟುಲಿನಮ್ ಅಂತೆ.

"ವಿಷ ಅಂತಲ್ಲೇ ಅದು!" ಅತ್ತೆ.

"ಹನಿಯಷ್ಟು ಕೊಟ್ರೆ ಔಷಧಿ, ಅತ್ತೆ." ಧೈರ್ಯವಾಗಿ ಹೇಳಿದೆ.

ಮಾರ್ಚ್ 5, ಮಧ್ಯಾಹ್ನ

ಮುಗೀತು. ಮೀನಖಂಡಕ್ಕೆ ಮೂರು ಕಡೆ. ಗುಬ್ಬಿ ಕಿರುಚಿದ್ದಕ್ಕೆ ಪಕ್ಕದ ಕೋಣೆಯ ಮಗುವೂ ಶುರು ಹಚ್ಚಿಕೊಂಡಿತು.

"ಸಡಿಲ ಆಗೋಕೆ ಒಂದೆರಡು ವಾರ ಬೇಕು," ಅಂದರು ಡಾಕ್ಟರಮ್ಮ. "ಮೂರ್ನಾಲ್ಕು ತಿಂಗಳು ಇರುತ್ತೆ. ಅಷ್ಟರೊಳಗೆ ಕಾಲು ಹೊಸ ನಡಿಗೆ ಕಲೀಬೇಕು. ವ್ಯಾಯಾಮ ತಪ್ಪಿಸ್ಬೇಡಿ."

ಮಾರ್ಚ್ 17

ಕೈಯಲ್ಲಿ ಹಿಡಿದರೆ ಪಾದ ಬಗ್ಗುತ್ತೆ. ಶೂ ಹಾಕಿ ನಿಲ್ಲಿಸಿದರೆ ಅದೇ ತುದಿಗಾಲು! ಇಂಥ ಔಷಧಿಗೆ ಬೆಂಕಿ ಬೀಳ!

ಮಾರ್ಚ್ 19, ಸಂಜೆ

ವ್ಯಾಯಾಮ ಮಾಡಿಸೋ ಫಿಸಿಯೋ ಶೂ ಬಿಚ್ಚಿಸಿ ಒಳಗೆ ಕೈ ಹಾಕಿದರು.

"ಇದೇನ್ರೀ ಹಿಂದ್ಗಡೆ ಇಷ್ಟು ದಪ್ಪ?"

ನನ್ನದೇ ಕೈಚಳಕ. ಎತ್ತಿದ ಹಿಮ್ಮಡಿಗೆ ಆಸರೆ ಇರಲಿ ಅಂತ, ಶೂ ತಂದ ದಿನವೇ ಮೂರು ಪದರ ಚರ್ಮ ಅಂಟಿಸಿದ್ದೆ. ನೋಡಿ ನೋಡಿ ಅದು ಶೂವಿನದೇ ಅನ್ನಿಸಿಬಿಟ್ಟಿತ್ತು. ಬಿದ್ದಾಳು ಅಂತ ಬರಿಗಾಲಲ್ಲಿ ನಿಲ್ಲಿಸಿಯೂ ಇರಲಿಲ್ಲ. ಕಾಲು ಸಡಿಲ ಆದರೂ ಹಿಮ್ಮಡಿ ಇಳಿಯೋಕೆ ಆ ಪದರವೇ ಅಡ್ಡ. ಔಷಧಿಗೆ ಸುಮ್ಮನೆ ಶಾಪ ಹಾಕಿದ್ದೆ.

"ಬರಿಗಾಲಲ್ಲಿ ನಿಲ್ಲು ಪುಟ್ಟಿ."

ನಿಂತಳು. ಮೊದಲು ತುದಿ... ಆಮೇಲೆ ಮೆಲ್ಲಗೆ, ಹಿಮ್ಮಡಿ. ಇಡೀ ಪಾದ.

"ಅಮ್ಮಾ, ನೆಲ ತಣ್ಣಗಿದೆ!"

ನಾನು ಗಳಗಳ ಅತ್ತುಬಿಟ್ಟೆ. ನಾಚಿಕೆಯಾಗಲಿಲ್ಲ. ಮನೆಗೆ ಬಂದು ಚರ್ಮ ಕಿತ್ತು ಬಿಸಾಕಿದೆ. ಅತ್ತೆ "ಇನ್ನೊಂದ್ಸಲ ನಿಂತು ತೋರ್ಸು" ಅಂತ ಹತ್ತು ಸಲ ನಿಲ್ಲಿಸಿದರು.

ಮೇ 28, ಸಂಜೆ

ಎರಡು ತಿಂಗಳು ಬರೆಯೋಕೆ ಪುರುಸೊತ್ತಿಲ್ಲ. ಬಗ್ಗಿಸು, ನಿಲ್ಲಿಸು, ನಡೆಸು. ಮತ್ತೆ ಚುಚ್ಚಿಸಬೇಕಾಗಬಹುದಂತೆ. ಚುಚ್ಚಿಸೋಣ, ಅದಕ್ಕೇನಂತೆ!

ಇವತ್ತು ಅವಳ ಶೂ ತಿರುಗಿಸಿ ನೋಡಿದೆ. ತುದಿ ಗಟ್ಟಿಯಾಗಿದೆ. ಹಿಮ್ಮಡಿ ಸವೆದಿದೆ! ಹೊರ ಅಂಚಲ್ಲಿ, ಎಲ್ಲರ ಶೂ ಸವೆಯುವ ಹಾಗೇ. ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಹುಚ್ಚಿ ಅಂದುಕೊಂಡರೋ ಏನೋ.

ಹೊಸ ರಬ್ಬರ್ ಕತ್ತರಿಸಿಟ್ಟೆ. ಅಂಟಿಸೋಕೆ ಮನಸ್ಸು ಬರಲಿಲ್ಲ. ಇನ್ನೊಂದು ವಾರ ಹೀಗೇ ಇರಲಿ, ಕಣ್ತುಂಬಾ ನೋಡ್ತೀನಿ.

"ಅಮ್ಮಾ, ನನ್ ಶೂ ಎಲ್ಲಿ?"

ಬಂದಳು. ಬರಿಗಾಲು. ಟಪ್, ಟಪ್ — ಇಡೀ ಪಾದದ ಸದ್ದು. ಶೂ ಕೊಡಲೇಬೇಕು, ಇಲ್ಲಾಂದ್ರೆ ಬರಿಗಾಲಲ್ಲೇ ಬೀದಿಗೆ ಹೊರಟುಬಿಡ್ತಾಳೆ.